ನಿಮಗಿದು ಗೊತ್ತೆ? ಹೆಣ್ಣಿಲಿಯ ನೋವಿನ ದಾರಿಯೇ ಬೇರೆ
ಹೊಸ ಔಷಧ ಮನುಷ್ಯರಿಗೆ ಬರುವ ಮುನ್ನ ಇಲಿಗಳ ಮೇಲೆ ಪ್ರಯೋಗವಾಗುತ್ತದೆ. ದಶಕಗಳ ಕಾಲ ಆ ಇಲಿಗಳಲ್ಲಿ ಬಹುಪಾಲು ಗಂಡು! ಹೆಣ್ಣಿಲಿಯ ಹಾರ್ಮೋನು ನಾಲ್ಕೈದು ದಿನಕ್ಕೊಮ್ಮೆ ಏರಿಳಿಯುವುದರಿಂದ ಫಲಿತಾಂಶ ಕೆಡುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. 2014ರಲ್ಲಿ 293 ಸಂಶೋಧನಾ ಲೇಖನಗಳನ್ನು ಜಾಲಾಡಿದಾಗ ಆ ನಂಬಿಕೆಗೆ ಆಧಾರ ಸಿಗಲಿಲ್ಲ. ಗಂಡಿಲಿಗಳಲ್ಲೂ ಅಷ್ಟೇ ಏರುಪೇರು.

ಮರುವರ್ಷ ಕೆನಡಾದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಸಂಗತಿ ಹೊರಗೆಡಹಿದರು. ಗಂಡಿಲಿಯ ಬೆನ್ನುಹುರಿಯಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳನ್ನು ತಡೆದರೆ ನರಗಾಯದ ನೋವು ಇಳಿಯುತ್ತದೆ. ಹೆಣ್ಣಿಲಿಗೆ ಅದೇ ಉಪಾಯ ನಾಟಲೇ ಇಲ್ಲ. ದೀರ್ಘಕಾಲದ ನೋವಿನಿಂದ ನರಳುವವರಲ್ಲಿ ಹೆಂಗಸರೇ ಹೆಚ್ಚು. ಹಾಗಾಗಿ ಹೆಣ್ಣಿಲಿಗಳನ್ನು ಪ್ರಯೋಗದಿಂದ ದೂರವಿಟ್ಟದ್ದು ಸಣ್ಣ ಲೋಪವಲ್ಲ. ಒಂದೇ ಲಿಂಗದ ಪ್ರಾಣಿ ಬಳಸುವವರು ಗಟ್ಟಿ ಕಾರಣ ಕೊಡಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ ಅನುದಾನಕ್ಕೆ ನಿಯಮ ಮಾಡಿದೆ.