ಅದೇ ಮನೆಗೆ ಮತ್ತೆ ಯಾಕೆ ಬರುತ್ತಾರೆ?

ಪ್ರಶ್ನೆ: ವಯಸ್ಸಾದವರ ಸಮೀಕ್ಷೆ ಮಾಡುವವರು ಒಮ್ಮೆ ಕೇಳಿದ ಮನೆಗೇ ಮತ್ತೆ ಬರುತ್ತಾರಂತೆ. ಬೇರೆಯವರನ್ನು ಕೇಳಿದರೆ ಆಗದೇ? – ನ್ಯಾಮತಿಯ ಓದುಗರು

ಕೇಳಬಹುದು, ಆದರೆ ಲೆಕ್ಕ ತಪ್ಪುತ್ತದೆ. ಇಂದಿನ ಐವತ್ತರವರನ್ನೂ ಎಂಬತ್ತರವರನ್ನೂ ಹೋಲಿಸಿದಾಗ ಕಾಣುವ ವ್ಯತ್ಯಾಸ ಮುಪ್ಪಿನದೋ, ಹಿರಿಯರು ಚಿಕ್ಕಂದಿನಲ್ಲಿ ಅರೆಹೊಟ್ಟೆ ಉಂಡದ್ದರ ಫಲವೋ ತಿಳಿಯದು. ಒಬ್ಬರನ್ನೇ ವರ್ಷಗಟ್ಟಲೆ ನೋಡಬೇಕು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ 1992ರಿಂದ ಈ ಕೆಲಸ ಮಾಡುತ್ತಿದೆ. ಅದೇ ಜಾಡಿನ ನಮ್ಮ ‘ಲಾಸಿ’ ಅಧ್ಯಯನದ ಮೊದಲ ಸುತ್ತು 2017ರಲ್ಲಿ ಶುರುವಾಯಿತು. 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನ. ನಡೆಸಿದ್ದು ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಬರೀ ಮಾತುಕತೆಯಲ್ಲ: ಉಪಕರಣವೊಂದನ್ನು ಕೈಗೆ ಕೊಟ್ಟು ಬಲವಿದ್ದಷ್ಟು ಅದುಮಿಸುತ್ತಾರೆ; ಹತ್ತು ಪದ ಓದಿ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಎಷ್ಟು ನೆನಪಿವೆ ಎನ್ನುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಜನರ ನೆನಪಿನ ಶಕ್ತಿಯನ್ನು ಹೀಗೇ ಗಮನಿಸುತ್ತಿದ್ದಾರೆ.

ನನ್ನನ್ನು ಕೇಳಿದರೆ ಕಷ್ಟದ ಪ್ರಶ್ನೆಗಳು ಬೇರೆ. ಎಪ್ಪತ್ತರಲ್ಲೂ ತೋಟಕ್ಕೆ ನೀರು ಹಾಯಿಸುವ ಚನ್ನಗಿರಿಯ ಅಡಿಕೆ ಬೆಳೆಗಾರರನ್ನು ‘ಯಾವಾಗ ನಿವೃತ್ತರಾದಿರಿ?’ ಎಂದರೆ ನಕ್ಕಾರು! ಹೊನ್ನಾಳಿಯ ಸೊಸೆಯೊಬ್ಬಳನ್ನು ‘ಅತ್ತೆಯ ಆರೈಕೆಗೆ ದಿನಕ್ಕೆಷ್ಟು ಗಂಟೆ?’ ಎಂದರೆ, ‘ಆರೈಕೆ ಏನ್ ಬಂತು, ಮನೇಲೇ ಇದಾರಲ್ಲ’ ಎಂದಾಳು. ಅದಕ್ಕೇ ಸ್ನಾನಕ್ಕೆ, ಬಟ್ಟೆ ಉಡಲು, ಹಾಸಿಗೆಯಿಂದ ಏಳಲು ಆಸರೆ ಬೇಕೇ, ಕೊಡುವವರು ಯಾರು ಎಂದು ಬಿಡಿಬಿಡಿಯಾಗಿ ಕೇಳುವುದು. ಜಗಳೂರಿನಂಥ ಮಳೆ ಕಮ್ಮಿಯ ಸೀಮೆಯಲ್ಲಿ ಮಗ-ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದರೆ, ಮುಂದಿನ ಸುತ್ತಿನಲ್ಲಿ ಈ ಉತ್ತರವೇ ಬದಲಾಗಿರುತ್ತದೆ.