ಸೂರಕ್ಕಿಯ ಬಣ್ಣವನ್ನು ನಂಬಬಹುದೇ?

ನಮ್ಮ ಕಾಲೇಜಿನ ಪ್ರಯೋಗಶಾಲೆಯ ಹೊರಗೆ ದಾಸವಾಳದ ಬೇಲಿಯೊಂದುಂಟು. ಕಳೆದ ಫೆಬ್ರವರಿಯಲ್ಲಿ ಅಲ್ಲಿಗೆ ಬಂದ ಹಕ್ಕಿಯನ್ನು ನೋಡಿ ಒಬ್ಬ ವಿದ್ಯಾರ್ಥಿ “ಕಪ್ಪು” ಎಂದನು. ಇನ್ನೊಂದು ಕಿಟಕಿಯ ಬಳಿಯಿದ್ದ ವಿದ್ಯಾರ್ಥಿನಿ “ಅಲ್ಲ, ಕಡುನೀಲಿ” ಎಂದಳು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಹಕ್ಕಿಯೂ ಒಂದೇ: ಗಂಡು ನೇರಳೆ ಸೂರಕ್ಕಿ.

ಇದರ ಗರಿಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲ. ಗರಿಯ ಅತಿಸೂಕ್ಷ್ಮವಾದ ಎಳೆಗಳಲ್ಲಿ ಮೆಲನಿನ್ ಎಂಬ ಕಪ್ಪು ವಸ್ತುವಿನ ಕಣಗಳು ಪದರಪದರವಾಗಿ ಜೋಡಣೆಗೊಂಡಿವೆ. ಈ ಪದರಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಕುಂದುತ್ತವೆ. ಸಾಬೂನಿನ ಗುಳ್ಳೆಯ ಮೇಲಿನ ಬಣ್ಣಗಳಿಗೂ ಇದೇ ವ್ಯತಿಕರಣವೇ ಕಾರಣ. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುವುದು. ಪ್ರತಿಫಲಿಸಿದ ಬೆಳಕು ಕಣ್ಣಿಗೆ ಬಾರದಿದ್ದರೆ ಉಳಿಯುವುದು ಕಪ್ಪೊಂದೇ.

ಹಾಗಾದರೆ ಗುರುತಿಸುವುದೆಂತು? ಸುಮಾರು 10 ಸೆಂಟಿಮೀಟರು ಉದ್ದದ ದೇಹ, ಕೆಳಕ್ಕೆ ಬಾಗಿದ ತೆಳುವಾದ ಕೊಕ್ಕು, ಇವು ಸೂರಕ್ಕಿಯೆಂಬುದನ್ನು ತಿಳಿಸುತ್ತವೆ. ಮುಂದೆ ಹೊಟ್ಟೆಯನ್ನು ನೋಡಿರಿ. ನಮ್ಮ ತೋಟಗಳಲ್ಲಿ ಅಷ್ಟೇ ಸಾಮಾನ್ಯವಾದ ಇನ್ನೊಂದು ಸೂರಕ್ಕಿಯ ಗಂಡಿಗೆ ಬಾಲದ ಬುಡದ ಮೇಲ್ಭಾಗ ಹೊಳೆಯುವ ನೇರಳೆ; ಹೊಟ್ಟೆ ಹಳದಿ. ಈ ಹಳದಿ ವರ್ಣದ್ರವ್ಯದಿಂದ ಬಂದುದು. ಯಾವ ಕೋನದಿಂದ ನೋಡಿದರೂ ಹಳದಿಯೇ. ಹೆಣ್ಣುಗಳಲ್ಲಿ ಗಂಟಲನ್ನು ಗಮನಿಸಬೇಕು. ಈ ಎರಡನೆಯದಕ್ಕೆ ಗಂಟಲು ಮಾಸಲು ಬಿಳಿ, ನೇರಳೆ ಸೂರಕ್ಕಿಗೆ ಗಂಟಲಿನಿಂದಲೇ ತಿಳಿಹಳದಿ.

ಇಷ್ಟು ಬರೆಯುವ ನಾನೂ ಮೋಸಹೋದವನೇ. ಅದಕ್ಕೂ ಹಿಂದಿನ ಅಕ್ಟೋಬರಿನಲ್ಲಿ, ಎದೆಯ ನಡುವೆ ಕಪ್ಪು ಪಟ್ಟೆಯಿದ್ದ ಹಕ್ಕಿಯೊಂದನ್ನು ಮೂರನೆಯ ಜಾತಿಯೆಂದು ತರಗತಿಯಲ್ಲಿ ಸಾರಿದ್ದೆನು! ಸಂತಾನಕಾಲ ಕಳೆದ ಮೇಲೆ ಗಂಡು ನೇರಳೆ ಸೂರಕ್ಕಿ ತನ್ನ ಹೊಳಪಿನ ಉಡುಪನ್ನು ಕಳಚಿ ಹೆಣ್ಣಿನಂತಾಗುವುದು. ಆ ಪಟ್ಟೆಯೊಂದು ಉಳಿಯುವುದು. ಮುಂದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆನು.

ಸೂರಕ್ಕಿಗೆ ಮಧುವೊಂದೇ ಆಹಾರವಲ್ಲ. ಜೇಡಗಳನ್ನೂ ಕೀಟಗಳನ್ನೂ ಅದು ಹಿಡಿಯುವುದು. ಮರಿಗಳಿಗೆ ಉಣಿಸುವುದೂ ಇವನ್ನೇ. ಹೂವಿನ ಕೊಳವೆ ಉದ್ದವಾಗಿದ್ದರೆ ಬುಡವನ್ನೇ ಚುಚ್ಚಿ ಮಧುವನ್ನು ಕದಿಯುವುದುಂಟು. ಅಂತಹ ಭೇಟಿಯಿಂದ ಹೂವಿಗೆ ಪರಾಗಸ್ಪರ್ಶದ ಲಾಭವಿಲ್ಲ. ಜೇಡರ ಬಲೆಯ ನೂಲಿನಿಂದ ಬಿಗಿದು, ತೊಗಟೆಯ ಚೂರುಗಳನ್ನು ಮೆತ್ತಿ, ಹೆಣ್ಣು ಕಟ್ಟುವ ಗೂಡು ರೆಂಬೆಯ ತುದಿಯಲ್ಲಿ ಜೋತ ಕಸದಂತೆ ಕಾಣುವುದು. ಬಾಗಿಲಿನ ಮೇಲೆ ಪುಟ್ಟ ಮಾಡೂ ಉಂಟು. ಮೊಟ್ಟೆ ಸಾಮಾನ್ಯವಾಗಿ ಎರಡು.

ಸಂತಾನಕಾಲದಲ್ಲಿ ಗಂಡು, ಗಾಜಿನಲ್ಲಿ ಕಂಡ ತನ್ನ ಬಿಂಬವನ್ನೇ ಎದುರಾಳಿಯೆಂದು ಭ್ರಮಿಸಿ ಕುಕ್ಕುವುದು. ನಮ್ಮ ಪ್ರಯೋಗಶಾಲೆಯ ಕಿಟಕಿಗೆ ಮಾರ್ಚಿಯಲ್ಲಿ ಹೊರಗಿನಿಂದ ಕಾಗದವನ್ನು ಅಂಟಿಸಬೇಕಾಯಿತು.