ನಿಮಗಿದು ಗೊತ್ತೇ? ಮುದ್ದೆಯೊಳಗಿನ ಆಫ್ರಿಕಾ ನಂಟು

ಮೈಸೂರಿನ ಅಶೋಕಪುರಂನ ಮನೆಗಳಲ್ಲಿ ತೊಳಸುವ ಮುದ್ದೆಗೆ ಪೂರ್ವ ಆಫ್ರಿಕಾದ ನಂಟು ಎರಡು ಬಾರಿ ಬೆಸೆದಿದೆ. ಸಾವಿರಾರು ವರ್ಷಗಳ ಹಿಂದೆ ರಾಗಿ ಅಲ್ಲಿಂದಲೇ ನಮ್ಮ ನೆಲಕ್ಕೆ ಬಂತು. ಎರಡನೆಯ ನಂಟು ಕೂಡಿದ್ದು ಅಶೋಕಪುರಂ ರೈಲು ನಿಲ್ದಾಣದಿಂದ ಸುಮಾರು 50 ಕಿ.ಮೀ. ದೂರದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ.

ಮೈಸೂರು ಸಂಸ್ಥಾನದಲ್ಲಿ ರಾಗಿ ತಳಿ ಸುಧಾರಣೆಗೆ ಕೈಹಾಕಿದವರು ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್. ಕೆಲಸ ಶುರುವಾದದ್ದು 1913ರಲ್ಲಿ, ಹೆಬ್ಬಾಳದಲ್ಲಿ. 1918ರಲ್ಲಿ ಎಚ್-22 ತಳಿ ಬಂತು.

ಯುರೋಪಿನ ರೈ ಧಾನ್ಯದ ಪರಾಗ ಗಾಳಿಯಲ್ಲಿ ಹಾರಿ ಪಕ್ಕದ ಗಿಡ ಸೇರುತ್ತದೆ. ರಾಗಿ ಹಾಗಲ್ಲ. ಅದರ ಹೂ ಅತಿ ಪುಟ್ಟದು, ಬೆಳಗಿನ ಜಾವಕ್ಕೇ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾದರೆ ಎರಡು ತಳಿಗಳನ್ನು ಕೂಡಿಸುವುದು ಹೇಗೆ? ಕೊಯಮತ್ತೂರಿನ ರಂಗಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲಿ ದಾರಿ ತೋರಿದರು: ಅರಳುವ ಮುನ್ನ ಎರಡೂ ತೆನೆಗಳನ್ನು ಒಟ್ಟಿಗೆ ಕಟ್ಟಿಬಿಡಿ. ತಾಯಿ ಗಿಡ ಹಸಿರು, ತಂದೆ ಗಿಡ ನೇರಳೆ ಛಾಯೆಯದಾಗಿದ್ದರೆ, ಬಿತ್ತಿದ ಮೇಲೆ ನೇರಳೆ ತೋರುವ ಸಸಿಗಳೇ ನಿಜವಾದ ಮಿಶ್ರ ಸಂತಾನ. ಸಾವಿರಾರು ಸಸಿಗಳ ನಡುವೆ ಆ ಕೆಲವನ್ನು ಕಣ್ಣಿಟ್ಟು ಹುಡುಕಬೇಕು. ಈ ತಾಳ್ಮೆಗೆ ನಾವು ಕೊಟ್ಟ ಗೌರವ ತೀರಾ ಕಡಿಮೆ.

ಆ ತಾಳ್ಮೆಯೇ ಬದುಕಾದವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯ (1921–1993). ನಮ್ಮ ರಾಗಿ ಬೇಗ ಕೊಯ್ಲಿಗೆ ಬರುತ್ತಿತ್ತು. ಆಫ್ರಿಕಾದ್ದು ತಡ, ಆದರೆ ತೆನೆ ದಪ್ಪ, ಕಡ್ಡಿ ಗಟ್ಟಿ. ವಿ.ಸಿ. ಫಾರಂನಲ್ಲಿ ಎರಡನ್ನೂ ಕೂಡಿಸಿ ಅವರು ಕೊಟ್ಟದ್ದೇ 1970ರ ದಶಕದಿಂದ ಹೊಲಕ್ಕಿಳಿದ ಇಂಡಾಫ್ (ಇಂಡಿಯಾ–ಆಫ್ರಿಕಾ) ಸಾಲು. ಮುಂಗಾರಿಗೆ ಇಂಡಾಫ್-8, ತಡವಾಗಿ ಬಿತ್ತುವವರಿಗೆ ಇಂಡಾಫ್-7, ಬೇಸಿಗೆಗೆ ಇಂಡಾಫ್-9. ಮಳೆ ಕೈಕೊಟ್ಟ ರೈತನಿಗೂ ಬಿತ್ತಲು ಒಂದು ತಳಿ ಉಳಿದಿರಬೇಕಲ್ಲ!

ರಾಗಿಯ ದೊಡ್ಡ ಶತ್ರು ಬೆಂಕಿ ರೋಗ. ಈ ಶಿಲೀಂಧ್ರ ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜಳ್ಳು. ಇದನ್ನು ತಾಳಿಕೊಳ್ಳುವ ಜಿಪಿಯು-28 ತಳಿ 1990ರ ದಶಕದಲ್ಲಿ ಬೆಂಗಳೂರಿನ ಜಿಕೆವಿಕೆಯಿಂದ ಬಂತು. ಔಷಧಿ ಸಿಂಪಡಿಸುವ ಖರ್ಚನ್ನು ಬೀಜವೇ ಉಳಿಸಿತು. ಅದರ ವಂಶಾವಳಿಯಲ್ಲಿ ಇಂಡಾಫ್-5 ಇದೆ, ಇಂಡಾಫ್-9 ಇದೆ, ಜೊತೆಗೆ ಮತ್ತೊಂದು ಆಫ್ರಿಕಾ ರಾಗಿಯೂ ಇದೆ.

ರಾಗಿ ಕಪ್ಪೆಂದು ಮೂಗು ಮುರಿಯುವವರಿಗೊಂದು ಸುದ್ದಿ: ವಿ.ಸಿ. ಫಾರಂನಲ್ಲೇ ಹುಟ್ಟಿದ ಕೆಎಂಆರ್-340 ತಳಿಯ ಕಾಳು ಬಿಳಿ.